ಹೃದಯದ ತೊಂದರೆ ಇರುವ ನಾಯಿಗೆ ಮನೆಯಲ್ಲೇ ಏನು ಮಾಡಬಹುದು?

"ಡಾಕ್ಟ್ರೇ, ಮಾತ್ರೆ ಬಿಟ್ಟು ನ್ಯಾಚುರಲ್ ಆಗಿ ಏನಾದ್ರೂ ಇದ್ಯಾ?" ನಾಯಿಗೆ ಹೃದಯದ ತೊಂದರೆ ಇದೆ ಅಂತ ಹೇಳಿದ ಕೂಡಲೇ ಮೈಸೂರಿನ ನನ್ನ ಕ್ಲಿನಿಕ್ಕಿನಲ್ಲಿ ಕೇಳಿಬರುವ ಪ್ರಶ್ನೆ ಇದು. ಇದೆ, ಬೇಕಾದಷ್ಟಿದೆ. ಆದರೆ ಆ 'ಮಾತ್ರೆ ಬಿಟ್ಟು' ಅನ್ನುವ ಮಾತನ್ನು ಮೊದಲು ಬಿಡಬೇಕು.

ಪಾಮೇರಿಯನ್, ಡ್ಯಾಶ್‌ಹಂಡ್‌ನಂಥ ಚಿಕ್ಕ ನಾಯಿಗಳಿಗೆ ವಯಸ್ಸಾದಂತೆ ಹೃದಯದ ಎಡಗಡೆಯ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ರಕ್ತ ಹಿಂದಕ್ಕೆ ಸೋರುತ್ತದೆ. ಡಾಬರ್‌ಮನ್, ಗ್ರೇಟ್ ಡೇನ್‌ನಂಥ ದೊಡ್ಡ ನಾಯಿಗಳಲ್ಲಿ ಹೃದಯದ ಸ್ನಾಯುವೇ ಸೋತು ಹಿಗ್ಗುತ್ತದೆ. ಎರಡರಲ್ಲೂ ಮುಂದೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆ ನೀರನ್ನು ಇಳಿಸುವ ಶಕ್ತಿ ಫ್ಯುರೋಸಮೈಡ್ ಮಾತ್ರೆಗೆ ಇದೆ, ಯಾವ ಕಷಾಯಕ್ಕೂ ಇಲ್ಲ. ಕವಾಟ ಸೋರಿ ಹೃದಯ ದೊಡ್ಡದಾಗಿದ್ದರೂ ಇನ್ನೂ ಉಸಿರಾಟದ ತೊಂದರೆ ಶುರುವಾಗದ ನಾಯಿಗಳಿಗೆ ಪೈಮೋಬೆಂಡಾನ್ ಅನ್ನುವ ಹೃದಯದ ಮಾತ್ರೆ ಕೊಟ್ಟರೆ ಆ ತೊಂದರೆ ಶುರುವಾಗುವುದು ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತದೆ ಅಂತ 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ನಾಯಿಯ ಆಯಸ್ಸಿನಲ್ಲಿ 15 ತಿಂಗಳು ಬಹಳ ದೊಡ್ಡದು. ಅದನ್ನು ಕೈಯಾರೆ ಬಿಟ್ಟುಕೊಡಬೇಡಿ.

ಇನ್ನು ಮನೆಯ ಆರೈಕೆ. ಅದರಲ್ಲಿ ಉಸಿರು ಎಣಿಸುವುದಕ್ಕೇ ನನ್ನ ಮೊದಲ ಮಣೆ. ನಾಯಿ ಚೆನ್ನಾಗಿ ನಿದ್ದೆ ಹೋದಾಗ ಪಕ್ಕೆಯನ್ನೇ ನೋಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ 30 ಸೆಕೆಂಡ್ ಇಟ್ಟುಕೊಂಡು ಎಣಿಸಿ, ಬಂದಿದ್ದನ್ನು ಎರಡರಷ್ಟು ಮಾಡಿ. ಕನಸು ಕಾಣುತ್ತಾ ಕಾಲು ಕುಣಿಸುತ್ತಿದ್ದರೆ ಸ್ವಲ್ಪ ಕಾಯಿರಿ. ನಾಲಿಗೆ ಚಾಚಿ ತೇಕುತ್ತಿರುವಾಗ ಎಣಿಸಿದರೆ ಲೆಕ್ಕಕ್ಕಿಲ್ಲ. ನಿಮಿಷಕ್ಕೆ 30ರ ಒಳಗಿದ್ದರೆ ಸಾಮಾನ್ಯವಾಗಿ ಸರಿ. ದಿನಾ ಬಂದ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ಬರೆದಿಡಿ. 18, 20, 19 ಅಂತ ಇದ್ದದ್ದು 26, 29, 33 ಅಂತ ಏರತೊಡಗಿದರೆ, ಕೆಮ್ಮು ಇರಲಿ ಇಲ್ಲದಿರಲಿ, ಅವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ನೀರು ತುಂಬಲು ಶುರುವಾಗಿದ್ದು ಎಷ್ಟೋ ಸಲ ಮೊದಲು ಗೊತ್ತಾಗುವುದು ಈ ಲೆಕ್ಕದಿಂದಲೇ.

ಊಟದ ವಿಷಯ. ಮಂಡ್ಯ ಕಡೆಯ ನಾಯಿಗಳು ಮುದ್ದೆ ತಿಂದೇ ಬೆಳೆದವು. ರಾಗಿ ಮುದ್ದೆಯಿಂದ ಹೃದಯಕ್ಕೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಅದರ ಮೇಲೆ ಹುಯ್ಯುವ ಉಪ್ಪೆಸರಿನಲ್ಲಿ. ಉಪ್ಪು ಜಾಸ್ತಿಯಾದರೆ ಮೈ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೋತ ಹೃದಯಕ್ಕೆ ಅಷ್ಟೂ ಹೊರೆ. ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಾಗಾಗಿ ಉಪ್ಪು, ಮಸಾಲೆ ಬೀಳುವ ಮೊದಲೇ ನಾಯಿಯ ಪಾಲನ್ನು ಎತ್ತಿಡಿ. ಮಾತ್ರೆಯನ್ನು ಚೀಸ್‌ನಲ್ಲೋ ಬ್ರೆಡ್ಡಿನಲ್ಲೋ ಸುತ್ತಿ ಕೊಡುವವರು ಬಹಳ ಜನ. ಅವೆರಡರಲ್ಲೂ ಉಪ್ಪಿದೆ, ಅದರ ಬದಲು ಬೇಯಿಸಿದ ಚಿಕನ್ ಚೂರಿನೊಳಗೆ ಇಡಿ. ಹಾರ್ಟಿಗೆ ಒಳ್ಳೆಯದು ಅಂತ ಮಾಂಸ ನಿಲ್ಲಿಸಿ ಬರೀ ಮೊಸರನ್ನ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಹೃದಯ ಸೋತಾಗ ಮೈಯ ಮಾಂಸಖಂಡವೂ ಕರಗುತ್ತದೆ. ವಾರಕ್ಕೊಮ್ಮೆ ಬೆನ್ನು ಸವರಿ ನೋಡಿ. ಬೆನ್ನೆಲುಬು ಮೊದಲಿಗಿಂತ ಚೂಪಾಗಿ ಕೈಗೆ ಸಿಗುತ್ತಿದ್ದರೆ ಅದಕ್ಕೆ ಹೊಟ್ಟೆತುಂಬ ಊಟ, ಒಳ್ಳೆಯ ಪ್ರೋಟೀನ್ ಬೇಕು.

ಮೀನೆಣ್ಣೆ ನಾನು ಮನಸಾರೆ ಹೇಳುವ ಪೂರಕ. ಅದರಲ್ಲಿರುವ ಒಮೆಗಾ-3 ಹೀಗೆ ಕರಗುವ ನಾಯಿಗಳಿಗೆ ಹಸಿವು ಹೆಚ್ಚಿಸಲು ನೆರವಾಗುತ್ತದೆ. ಎಷ್ಟು ಅನ್ನುವುದು ತೂಕದ ಮೇಲೆ. ಕಾಡ್ ಲಿವರ್ ಎಣ್ಣೆ ಬೇರೆ. ಅದರಲ್ಲಿ ಎ ಮತ್ತು ಡಿ ವಿಟಮಿನ್ ಜಾಸ್ತಿ, ಅದನ್ನು ಮೀನೆಣ್ಣೆಯ ಬದಲಿಗೆ ಕೊಡಬಾರದು.

ಹೊಳೆಮತ್ತಿ ತೊಗಟೆಯ ಬಗ್ಗೆಯೂ ಕೇಳುತ್ತಾರೆ. ಕಾವೇರಿ ದಡದಲ್ಲಿ ಬೆಳೆಯುವ ಈ ಅರ್ಜುನ ಮರವನ್ನು ಆಯುರ್ವೇದದಲ್ಲಿ ಹೃದಯಕ್ಕೆ ಬಳಸುವುದು ನಿಜ. ಆದರೆ ನಾಯಿಗೆ ಎಷ್ಟು ಕೊಡಬೇಕು ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ, ಬಿಪಿ ಇಳಿಸುವ ಮಾತ್ರೆ ಜೊತೆಗಿದ್ದರೆ ನಾನಂತೂ ಕೊಡಿ ಅನ್ನುವುದಿಲ್ಲ. ಕೊಡುತ್ತಿದ್ದರೆ ಮುಚ್ಚಿಡಬೇಡಿ, ನಾವು ಬೈಯುವುದಿಲ್ಲ. ಅಂಗಳದ ಕಣಗಿಲೆಯ ಎಲೆ, ಹೂವು ಮಾತ್ರ ಅದರ ಬಾಯಿಗೆ ಸಿಗಲೇಬಾರದು. ಅದು ನೇರ ಹೃದಯಕ್ಕೆ ಹೊಡೆಯುವ ವಿಷ.

ಮದ್ದೂರಿನ ಎಳನೀರು ಕೈಗೆ ಸಿಗುವ ಊರು ನಮ್ಮದು. ಮಾತ್ರೆ ಕುಡಿದು ಸುಸ್ತಾಗಿದೆ ಅಂತ ನಾಯಿಗೆ ದಿನಾ ಎಳನೀರು ಹಾಕುವುದುಂಟು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಹೃದಯದ ತೊಂದರೆಗೆ ಕೊಡುವ ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲವು. ಎರಡೂ ಸೇರಿ ವಿಪರೀತವಾದರೆ ಹೃದಯದ ಬಡಿತವೇ ತಪ್ಪುತ್ತದೆ. ಕುಡಿಯಲು ಬರೀ ನೀರು ಸಾಕು, ಅದು ಇಡೀ ದಿನ ಬಟ್ಟಲಲ್ಲಿರಲಿ. ಫ್ಯುರೋಸಮೈಡ್ ಕೊಟ್ಟಾಗ ನಾಯಿ ಪದೇ ಪದೇ ಮೂತ್ರ ಮಾಡುತ್ತದೆ. ಮನೆ ಒದ್ದೆಯಾಗುತ್ತೆ ಅಂತ ನೀರು ಕಡಿಮೆ ಮಾಡಿದರೆ ಕಿಡ್ನಿ ಕೆಡುತ್ತದೆ. ಮನುಷ್ಯರ ನೋವಿನ ಮಾತ್ರೆಯೂ ಅಷ್ಟೇ, ಬೇಡವೇ ಬೇಡ.

ವಾಕಿಂಗ್ ನಿಲ್ಲಿಸಬೇಕಿಲ್ಲ. ಬಿಸಿಲೇರುವ ಮೊದಲು, ಅದರದೇ ನಡಿಗೆಯಲ್ಲಿ, ಕುತ್ತಿಗೆ ಬೆಲ್ಟಿನ ಬದಲು ಎದೆಗೆ ಹಾಕುವ ಹಾರ್ನೆಸ್‌ನಲ್ಲಿ ಕರೆದೊಯ್ಯಿರಿ. ಅದು ಕೂತರೆ ನೀವೂ ನಿಲ್ಲಿ. ದೀಪಾವಳಿಯ ಪಟಾಕಿ ಶುರುವಾಗುವ ಮೊದಲೇ ಒಳಗಿನ ಕೋಣೆ ಸಿದ್ಧವಿರಲಿ.

ರಾತ್ರಿ ಮಲಗಲಾಗದೆ ಕೂತು, ಮುಂಗಾಲು ಅಗಲಿಸಿ, ಕತ್ತು ಚಾಚಿ ಉಸಿರೆಳೆಯುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ವಸಡು ನೀಲಿಯಾಗುವವರೆಗಂತೂ ಬೇಡ. ಬಾಯಿಗೆ ನೀರು ಹುಯ್ಯಬೇಡಿ, ಬಲವಂತವಾಗಿ ಮಲಗಿಸಬೇಡಿ, ಹೊಟ್ಟೆ ಒತ್ತಿ ಎತ್ತಬೇಡಿ. ಅದು ಹೇಗೆ ಕೂತಿದೆಯೋ ಹಾಗೇ ಗಾಡಿಗೆ ಹತ್ತಿಸಿ. ಆಕ್ಸಿಜನ್ ಸಿದ್ಧವಾಗಿಡಲು ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ. ಕೊಡುತ್ತಿರುವ ಎಲ್ಲ ಮಾತ್ರೆಯ ಪಟ್ಟಿ, ಉಸಿರು ಬರೆದಿಟ್ಟ ಕ್ಯಾಲೆಂಡರಿನ ಫೋಟೋ ಜೊತೆಗಿರಲಿ.