ಕು ಚಿ ಸುರಂಗದೊಳಗೆ ಉಸಿರಿನ ಲೆಕ್ಕ

ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಗೆ ಹೋದವರು ತಪ್ಪದೆ ನೋಡಿ ಬರುವ ಜಾಗಗಳಲ್ಲಿ ಕು ಚಿ ಸುರಂಗಗಳೂ ಒಂದು. ಅರ್ಧ ದಿನದ ಟೂರ್ ಸಾಕು. ಬೆಳಿಗ್ಗೆ ಬೇಗ ವ್ಯಾನ್ ಹೊರಡುತ್ತದೆ, ವಾಯವ್ಯ ದಿಕ್ಕಿಗೆ ಒಂದೂವರೆ ಎರಡು ಗಂಟೆ ಓಡುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ನಗರಕ್ಕೆ ಬಂದುಬಿಡಬಹುದು. ನಡುವೆ ಒಂದು ಹಳೆಯ ಕಪ್ಪುಬಿಳುಪು ಪ್ರಚಾರಚಿತ್ರ, ಬಿದಿರಿನ ಮುಳ್ಳು ನೆಟ್ಟ ಗುಂಡಿಗಳು, ಕೆಟ್ಟು ನಿಂತ ಅಮೆರಿಕದ ಒಂದು ಟ್ಯಾಂಕ್, ಬೇಯಿಸಿದ ಮರಗೆಣಸು. ಗುಂಡಿಗಿಷ್ಟು ಅಂತ ದುಡ್ಡು ಕೊಟ್ಟು ಎಕೆ-47 ಹಾರಿಸುವ ಮೈದಾನವೂ ಉಂಟು. ಅಷ್ಟು ಜನ ಸತ್ತ ನೆಲದಲ್ಲಿ ಇದೊಂದು ಬೇಕಿತ್ತಾ ಅಂತ ನನಗೆ ಅನಿಸುತ್ತದೆ.

ಗೈಡ್‌ಗಳು ಹೇಳುವುದೆಲ್ಲ ಯುದ್ಧದ ಕತೆ. ಆ ಕತೆ ದೊಡ್ಡದೇ. 1940ರ ದಶಕದಲ್ಲಿ ಫ್ರೆಂಚರ ವಿರುದ್ಧ ಹೋರಾಡುವಾಗ ವಿಯೆಟ್ನಾಮಿನ ಗೆರಿಲ್ಲಾಗಳು ಇಲ್ಲಿ ಅಗೆಯಲು ಶುರು ಮಾಡಿದರು. 1960ರ ದಶಕದಲ್ಲಿ ಅಮೆರಿಕದ ಸೇನೆ ಬಂದ ಮೇಲೆ, ಅದರ ವಿರುದ್ಧ ಹೋರಾಡಿದ ಗೆರಿಲ್ಲಾಗಳ ಕೈಯಲ್ಲಿ ಈ ಜಾಲ ಸುಮಾರು 250 ಕಿಲೋಮೀಟರ್ ಉದ್ದಕ್ಕೆ ಬೆಳೆಯಿತು. ಮಲಗುವ ಕೋಣೆ, ಅಡುಗೆಮನೆ, ಬಾವಿ, ಆಸ್ಪತ್ರೆ, ಸಭೆ ನಡೆಸುವ ಜಾಗ, ಎಲ್ಲವೂ ನೆಲದಡಿ. ಆದರೆ ವಿಜ್ಞಾನದಲ್ಲಿ ಆಸಕ್ತಿ ಇರುವವರಿಗೆ ಅಲ್ಲಿ ಬೇರೆಯೇ ಪ್ರಶ್ನೆಗಳು ಏಳುತ್ತವೆ. ಸಿಮೆಂಟಿಲ್ಲ, ಮರದ ಆಸರೆಯಿಲ್ಲ, ಚಾವಣಿ ಯಾಕೆ ಕುಸಿಯಲಿಲ್ಲ? ಫ್ಯಾನಿಲ್ಲ, ಚಿಮಣಿಯಿಲ್ಲ, ಒಳಗಿದ್ದವರು ಏನು ಉಸಿರಾಡಿದರು?

ಮೊದಲನೆಯದಕ್ಕೆ ಉತ್ತರ ಮಣ್ಣಿನಲ್ಲಿದೆ. ಕು ಚಿಯ ದಕ್ಷಿಣಕ್ಕೆ ಸ್ವಲ್ಪ ಹೋದರೆ ಮೆಕಾಂಗ್ ನದಿಯ ಬಯಲು. ಅಲ್ಲಿ ಗುದ್ದಲಿ ಹಾಕಿದರೆ ಒಂದೆರಡು ಅಡಿಗೇ ನೀರು. ಕು ಚಿ ಇರುವುದು ಅದಕ್ಕಿಂತ ಎತ್ತರದ, ತುಂಬಾ ಹಳೆಯ ಮೆಕ್ಕಲು ದಿಬ್ಬದ ಮೇಲೆ. ಅಂತರ್ಜಲ ಕೆಳಗಿದೆ. ಮಣ್ಣು ಜೇಡಿಯದ್ದು, ಜೊತೆಗೆ ಕಬ್ಬಿಣದ ಆಕ್ಸೈಡ್ ಬೇಕಾದಷ್ಟು. ಮಳೆಗಾಲದಲ್ಲಿ ಇದು ಮೆತ್ತಗಿರುತ್ತದೆ, ಪುಟ್ಟ ಗುದ್ದಲಿಗೂ ಬಗ್ಗುತ್ತದೆ. ಒಮ್ಮೆ ಅಗೆದು ಗಾಳಿಗೆ ಬಿಟ್ಟರೆ ಒಣಗಿ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ತೋಡಿದ್ದನ್ನು ಬೇಸಿಗೆ ಬಿಗಿಮಾಡುತ್ತದೆ.

ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುರಕಲ್ಲು ಇದೇ ಕುಟುಂಬದ್ದು. ಕೋರೆಯಲ್ಲಿ ಮೆತ್ತಗೆ ಕಡಿಸಿಕೊಂಡು, ಗೋಡೆ ಸೇರಿ ಬಿಸಿಲು ಗಾಳಿ ಕಂಡ ಮೇಲೆ ಗಟ್ಟಿಯಾಗುವ ಕಲ್ಲು. ಅಲ್ಲಿನ ಗುಡ್ಡಗಳಲ್ಲೂ ಸುರಂಗಗಳಿವೆ, ಆದರೆ ನೀರಿಗಾಗಿ. ಬಂಟ್ವಾಳ ತಾಲೂಕಿನ ಹಳ್ಳಿಗಳಲ್ಲಿ, ಗಡಿಯಾಚೆ ಕಾಸರಗೋಡಿನ ಕನ್ನಡ, ತುಳು ಮಾತಾಡುವ ಊರುಗಳಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಆಳೆತ್ತರದ ಕಿಂಡಿ ತೋಡಿ ನೀರು ಹರಿಸಿಕೊಳ್ಳುತ್ತಾರೆ. ಅದಕ್ಕೂ ಕಂಬವಿಲ್ಲ, ಕಾಂಕ್ರೀಟಿಲ್ಲ. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕು ಚಿಯ ರೈತರ ಮೇಲೆ ಬಾಂಬ್ ಬೀಳುತ್ತಿತ್ತು ಅನ್ನೋದು ದೊಡ್ಡ ವ್ಯತ್ಯಾಸ. ಗುದ್ದಲಿ, ಬುಟ್ಟಿ, ಮಂಡಿಯೂರಿದ ದೇಹ, ಇವುಗಳಲ್ಲಿ ವ್ಯತ್ಯಾಸವಿಲ್ಲ.

ಸುರಂಗ ಸಣ್ಣದಿದ್ದಷ್ಟೂ ಗಟ್ಟಿ. ಕಮಾನಿನಂಥ ಚಾವಣಿ ಮಾಡಿದರೆ ಮೇಲಿನ ಭಾರ ಪಕ್ಕದ ಗೋಡೆಗಳಿಗೆ ಜಾರಿಕೊಳ್ಳುತ್ತದೆ. ಟ್ಯಾಂಕ್ ಮೇಲೆ ಹಾದರೂ ಸುರಂಗ ಕುಸಿಯುತ್ತಿರಲಿಲ್ಲ ಅಂತ ಗೈಡ್‌ಗಳು ಹೆಮ್ಮೆಯಿಂದ ಹೇಳುತ್ತಾರೆ. ಉತ್ಪ್ರೇಕ್ಷೆ ಅನಿಸಬಹುದು. ಲೆಕ್ಕ ಹಾಕಿ ನೋಡೋಣ. 50 ಟನ್ನಿನ ಟ್ಯಾಂಕಿನ ಭಾರ ಅದರ ಅಗಲವಾದ ಪಟ್ಟಿಗಳ ಮೇಲೆ ಹರಡಿರುತ್ತದೆ. ಮಣ್ಣಿನೊಳಗೆ ಇಳಿದಂತೆ ಇನ್ನೂ ಹರಡುತ್ತದೆ. 3 ಮೀಟರ್ ಆಳದಲ್ಲಿ ಆ 50 ಟನ್ ಸುಮಾರು 45 ಚದರ ಮೀಟರಿಗೆ ಹಂಚಿಹೋಗಿರುತ್ತದೆ. ಅಂದರೆ ಚದರ ಮೀಟರಿಗೆ ಒಂದು ಟನ್ನಿಗಿಂತ ತುಸು ಜಾಸ್ತಿ. ಅಲ್ಲಿ ಸುರಂಗದ ಮೇಲಿರುವ ಮಣ್ಣಿನದ್ದೇ ಭಾರ ಚದರ ಮೀಟರಿಗೆ 6 ಟನ್ನಿನ ಹತ್ತಿರ! ದಿನವೂ ಆರು ಹೊರುವ ಚಾವಣಿಗೆ ಇನ್ನೊಂದು ದೊಡ್ಡದಲ್ಲ. ಇದು ಒರಟು ಲೆಕ್ಕ, ಆದರೆ ಗೈಡ್ ಹೇಳಿದ್ದು ನಂಬುವಂಥದ್ದೇ ಅನ್ನಲು ಸಾಕು.

ಬಾಂಬಿನ ಮಾತು ಬೇರೆ. ಬಿ-52 ವಿಮಾನಗಳು ಸುರಿದ ದೊಡ್ಡ ಬಾಂಬುಗಳು ನೆಲದೊಳಗೆ ಹೊಕ್ಕು ಸಿಡಿಯುತ್ತಿದ್ದವು. ಯುದ್ಧದ ಕೊನೆಯ ವರ್ಷಗಳಲ್ಲಿ ಜಾಲದ ಎಷ್ಟೋ ಭಾಗ ಹೀಗೇ ನಾಶವಾಯಿತು. ಟೂರಿನಲ್ಲಿ ಈಗಲೂ ಹಳ್ಳಗಳನ್ನು ತೋರಿಸುತ್ತಾರೆ. ಸುತ್ತ ಕಾಣುವ ಮರಗಳೆಲ್ಲ ಹೆಚ್ಚುಕಡಿಮೆ ಆಮೇಲೆ ಬೆಳೆದವು. ಏಜೆಂಟ್ ಆರೆಂಜಿನಂಥ ಎಲೆ ಉದುರಿಸುವ ರಾಸಾಯನಿಕಗಳೂ ಬುಲ್ಡೋಜರುಗಳೂ ಹಳೆಯ ಕಾಡನ್ನು ಉಳಿಸಿರಲಿಲ್ಲ.

ಅಗೆದ ಮಣ್ಣನ್ನು ಬಚ್ಚಿಡುವುದು ಅಗೆಯುವುದಕ್ಕಿಂತ ದೊಡ್ಡ ತಲೆನೋವು. ಅರ್ಧ ಚದರ ಮೀಟರ್ ಬಾಯಿಯ ಸುರಂಗ ಒಂದು ಕಿಲೋಮೀಟರ್ ತೋಡಿದರೆ 500 ಘನ ಮೀಟರ್ ಮಣ್ಣು ಹೊರಬೀಳುತ್ತದೆ. ಸಡಿಲಾದ ಮೇಲೆ ಅದರ ಗಾತ್ರ ಇನ್ನೂ ಜಾಸ್ತಿ. ಆಕಾಶದಿಂದ ನೋಡುವವನಿಗೆ ಹೊಸ ಮಣ್ಣಿನ ಗುಡ್ಡೆ ಅಂದರೆ ಕೈತೋರಿಸಿ ಕರೆದ ಹಾಗೆ. ಹಾಗಾಗಿ ಬಾಂಬ್ ಬಿದ್ದ ಹಳ್ಳಗಳಿಗೆ ತುಂಬಿದರು, ಉತ್ತ ಹೊಲಕ್ಕೆ ಬೆರೆಸಿದರು, ಸೈಗಾನ್ ನದಿಗೆ ಸುರಿದರು.

ಈಗ ಉಸಿರಿನ ವಿಷಯಕ್ಕೆ ಬರೋಣ. ಪ್ರವಾಸಿಗರಿಗೆ ಬಿಡುವ ತುಂಡು ಸುಮಾರು ನೂರು ಮೀಟರ್. ಮೈಕಟ್ಟು ದೊಡ್ಡದಿರುವವರಿಗೆ ಅಂತ ಅಗಲ ಮಾಡಿದ್ದಾರೆ, ಬಲ್ಬ್ ಹಾಕಿದ್ದಾರೆ, ಅಲ್ಲಲ್ಲಿ ಹೊರಬರಲು ದಾರಿಯಿದೆ. ಆದರೂ ಮೊದಲ ಬಾಗಿಲಲ್ಲೇ ಎದ್ದು ಬರುವವರು ಬಹಳ. ಭಯ ಅಂತಷ್ಟೇ ಅಂದುಕೊಳ್ಳಬೇಡಿ. ಅದರಲ್ಲಿ ರಸಾಯನಶಾಸ್ತ್ರವೂ ಇದೆ.

ಸುಮ್ನೆ ಕೂತ ಒಬ್ಬ ಮನುಷ್ಯ ಗಂಟೆಗೆ 12ರಿಂದ 15 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಅಂಬೆಗಾಲಿಟ್ಟು ತೆವಳಿದರೆ ಸುಮಾರು 60 ಲೀಟರ್. ಹಳೆಯ ಅಳತೆಯ ಸುರಂಗದ 20 ಮೀಟರ್ ತುಂಡಿನಲ್ಲಿ 10 ಘನ ಮೀಟರ್, ಅಂದರೆ 10,000 ಲೀಟರ್ ಗಾಳಿ. ಎರಡೂ ತುದಿ ಮುಚ್ಚಿದೆ, ಒಳಗೆ ಹತ್ತು ಜನ ತೆವಳುತ್ತಿದ್ದಾರೆ ಅಂದುಕೊಳ್ಳಿ. ಹತ್ತೇ ನಿಮಿಷಕ್ಕೆ ಇಂಗಾಲದ ಡೈಆಕ್ಸೈಡ್ ಶೇ. 1ಕ್ಕೆ ಏರುತ್ತದೆ, ಅರ್ಧ ಗಂಟೆಗೆ ಶೇ. 3ಕ್ಕೆ. ಹೊರಗಿನ ಗಾಳಿಯಲ್ಲಿ ಅದು ಇರುವುದು ಶೇ. 0.04 ಮಾತ್ರ. ಶೇ. 3ಕ್ಕೆ ಉಸಿರು ಜೋರಾಗುತ್ತದೆ, ತಲೆ ನೋಯುತ್ತದೆ. ಶೇ. 5 ಆದರೆ ಏದುಸಿರು. ಶೇ. 10ರಲ್ಲಿ ಪ್ರಜ್ಞೆಯೇ ತಪ್ಪುತ್ತದೆ.

ಇದರಲ್ಲೊಂದು ಸೂಕ್ಷ್ಮವಿದೆ. ನಮಗೆ ಉಸಿರು ಕಟ್ಟುತ್ತಿದೆ ಅನ್ನುವ ಒದ್ದಾಟ ಹುಟ್ಟುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದಾಗ ಅಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಹಾಗಾಗಿ ಜನ ತುಂಬಿದ ಸುರಂಗ ಬೇಗ ಎಚ್ಚರಿಸುತ್ತದೆ. ಆಮ್ಲಜನಕ ಮಾತ್ರ ಖಾಲಿಯಾದ ಸುರಂಗ ಎಚ್ಚರಿಸುವುದೇ ಇಲ್ಲ, ನೇರವಾಗಿ ಬೀಳಿಸುತ್ತದೆ. 1966ರ ಜನವರಿಯಲ್ಲಿ ಸುಮಾರು 8,000 ಅಮೆರಿಕನ್ ಮತ್ತು ಆಸ್ಟ್ರೇಲಿಯನ್ ಸೈನಿಕರು ಇಲ್ಲಿ 'ಆಪರೇಷನ್ ಕ್ರಿಂಪ್' ನಡೆಸಿದರು. ಆಗ ಸುರಂಗಕ್ಕಿಳಿದ ಆಸ್ಟ್ರೇಲಿಯದ ಇಂಜಿನಿಯರ್ ದಳದ ಒಬ್ಬ ಯೋಧ ಒಳಗಿನ ಕಿರಿದಾದ ಕಿಂಡಿಯಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತ. ಸೇನೆಗಳು ಹೊಗೆಯನ್ನೂ ಅಶ್ರುವಾಯುವನ್ನೂ ಒಳಗೆ ನುಗ್ಗಿಸುತ್ತಿದ್ದ ಕಾಲ ಅದು. ಗ್ಯಾಸ್ ಮಾಸ್ಕ್ ವಿಷವನ್ನು ಸೋಸುತ್ತದೆ, ಇಲ್ಲದ ಆಮ್ಲಜನಕವನ್ನು ತಂದುಕೊಡುವುದಿಲ್ಲ. ನಮ್ಮ ಮ್ಯಾನ್‌ಹೋಲುಗಳಲ್ಲಿ, ಹಾಳುಬಾವಿಗಳಲ್ಲಿ ಇವತ್ತಿಗೂ ಜನ ಸಾಯುವಾಗ ಇದನ್ನೇ ಮರೆತಿರುತ್ತಾರೆ. ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಅರ್ಧ ಸರಿ. ಆಮ್ಲಜನಕ ಶೇ. 21ರಿಂದ ಶೇ. 16-17ಕ್ಕೆ ಇಳಿದಾಗ ಮೇಣದಬತ್ತಿ ಆರುತ್ತದೆ, ಆಗ ಮನುಷ್ಯ ಇನ್ನೂ ಹೊರಗೆ ಬರಬಲ್ಲ. ಕಾರ್ಬನ್ ಮೊನಾಕ್ಸೈಡ್ ಇದ್ದರೆ ಮಾತ್ರ ದೀಪ ಏನೂ ಹೇಳುವುದಿಲ್ಲ.

ಮತ್ತೆ ಗಾಳಿ ಹೇಗೆ ಆಡುತ್ತಿತ್ತು? ಮೇಲ್ಮಟ್ಟದ ಸುರಂಗದಿಂದ ನೆಲದ ತನಕ ತೋಳಿನಗಲದ ಕಿಂಡಿ ಕೊರೆದು, ಬಾಯಿಯನ್ನು ಹುತ್ತದೊಳಗೋ ಪೊದೆಯ ಬುಡದಲ್ಲೋ ಮರೆಮಾಡುತ್ತಿದ್ದರು. ಟೂರಿನಲ್ಲಿ ಗೈಡ್ ಬೊಟ್ಟು ಮಾಡುವ ತನಕ ಅದು ಹುತ್ತವೇ. ಹತ್ತಿರ ಬಗ್ಗಿದರೆ ತೂತುಗಳು ಕಾಣುತ್ತವೆ. ನಾಯಿಗಳು ವಾಸನೆ ಹಿಡಿಯುತ್ತವೆ ಅಂತ ಬಾಯಿಗೆ ಮೆಣಸಿನ ಪುಡಿ ಉದುರಿಸುತ್ತಿದ್ದರು, ಅಮೆರಿಕನ್ನರ ಸೋಪನ್ನೇ ಇಡುತ್ತಿದ್ದರು. ನಾಯಿಗೆ ಅದು ತನ್ನವರದೇ ವಾಸನೆ.

ಹುತ್ತವೇ ಗಾಳಿಯಾಡಿಸುವ ಯಂತ್ರ ಅನ್ನುವುದು ಇಲ್ಲಿನ ಸೊಗಸು. ದಕ್ಷಿಣ ಭಾರತದ ಗೆದ್ದಲು ಹುತ್ತಗಳೊಳಗೆ ಗಾಳಿಯ ಓಟ ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಗಲಲ್ಲಿ ಹುತ್ತದ ಹೊರಪದರ ಬೇಗ ಕಾಯುತ್ತದೆ, ಅಲ್ಲಿ ಗಾಳಿ ಮೇಲೇರಿ ನಡುವಿನಲ್ಲಿ ಇಳಿಯುತ್ತದೆ. ರಾತ್ರಿ ಹೊರಪದರ ತಣ್ಣಗಾದಾಗ ದಿಕ್ಕು ತಿರುಗುಮುರುಗು. ಗೂಡಿನ ಇಂಗಾಲದ ಡೈಆಕ್ಸೈಡ್ ಹಗಲು ಏರಿ, ರಾತ್ರಿ ಇಳಿಯುತ್ತದೆ. ಸುರಂಗಕ್ಕೂ ಇದೇ ಭೌತಶಾಸ್ತ್ರ. ಕೆಲವು ಮೀಟರ್ ಆಳದಲ್ಲಿ ಮಣ್ಣಿನ ಉಷ್ಣತೆ ಆ ಊರಿನ ವರ್ಷದ ಸರಾಸರಿಗೆ ನಿಂತುಬಿಡುತ್ತದೆ. ಇಲ್ಲಿ ಅದು 28 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ರಾತ್ರಿ ಹೊರಗಿನ ಗಾಳಿ ಅದಕ್ಕಿಂತ ತಣ್ಣಗಾದಾಗ ಒಳಗಿನ ಬೆಚ್ಚಗಿನ, ತೇವ ತುಂಬಿದ ಹಗುರ ಗಾಳಿ ಕಿಂಡಿಯಿಂದ ಮೇಲೇರುತ್ತದೆ, ತಂಪು ಗಾಳಿ ಇನ್ನೊಂದು ಬಾಯಿಂದ ಇಳಿಯುತ್ತದೆ. ಉರಿಬಿಸಿಲಿನ ಮಧ್ಯಾಹ್ನ ಹೊರಗಿನ ಗಾಳಿಯೇ ಹಗುರ. ಒಳಗಿನ ಗಾಳಿ ತಳ ಹಿಡಿದು ಕೂರುತ್ತದೆ. ಆಗ ಗಾಳಿ ಬೀಸಿದರಷ್ಟೇ ಗತಿ. ಹಗಲೆಲ್ಲ ಒಳಗೆ ಅಡಗಿದ್ದು ರಾತ್ರಿ ಹೊರಗೆ ಓಡಾಡುತ್ತಿದ್ದವರ ಪಾಲಿಗೆ ಈ ವೇಳಾಪಟ್ಟಿ ಉಲ್ಟಾ ಇತ್ತು.

ಸುರಂಗ ಅಂದರೆ ತಂಪು ಅನ್ನುವ ಕಲ್ಪನೆಯೂ ಇಲ್ಲಿ ಕೈಕೊಡುತ್ತದೆ. ಯುರೋಪಿನ ಯುದ್ಧಕಾಲದ ಸುರಂಗ ನೋಡಲು ಸ್ವೆಟರ್ ಬೇಕು. ಕು ಚಿಯಲ್ಲಿ ತೇವಾಂಶ ಎಷ್ಟಿರುತ್ತದೆಂದರೆ ಬೆವರು ಆರುವುದೇ ಕಷ್ಟ. ತೆವಳುವ ಒಬ್ಬೊಬ್ಬನ ಮೈಯೂ ಹಲವು ನೂರು ವ್ಯಾಟ್ ಶಾಖ ಬಿಡುತ್ತಿರುತ್ತದೆ. ತಿಂಗಳುಗಟ್ಟಲೆ ಹೀಗೆ ಬದುಕಿದವರನ್ನು ಮಲೇರಿಯ, ಹೊಟ್ಟೆಹುಳ, ಚರ್ಮರೋಗ ಹಣ್ಣುಮಾಡಿದವು.

ನನಗೆ ತುಂಬಾ ಹಿಡಿಸುವುದು ಅಲ್ಲಿನ ಒಲೆ. ಅದಕ್ಕೆ ಹೊವಾಂಗ್ ಕಾಮ್ ಒಲೆ ಅಂತ ಹೆಸರು. ಫ್ರೆಂಚರ ವಿರುದ್ಧದ ಯುದ್ಧದಲ್ಲಿ ಸೇನೆಯ ಅಡುಗೆಯವನಾಗಿದ್ದ ಹೊವಾಂಗ್ ಕಾಮ್ ರೂಪಿಸಿದ್ದು. ಒಲೆ ಗುಂಡಿಯೊಳಗೆ. ಹೊಗೆ ನೇರ ಮೇಲೆ ಹೋಗದು. ಇಳಿಜಾರಿನ ಉದ್ದನೆಯ ಕಾಲುವೆಗಳಲ್ಲಿ ಹರಿದು, ನಡುನಡುವೆ ದೊಡ್ಡ ಗೂಡುಗಳಲ್ಲಿ ತಂಗುತ್ತದೆ. ಕಾಲುವೆಯ ಮೇಲೆ ರೆಂಬೆ, ಎಲೆ, ಹಸಿಮಣ್ಣಿನ ಹೊದಿಕೆ. ಹೊಗೆ ಮೇಲೇರುವುದು ಬಿಸಿಯಿದ್ದಾಗ ಮಾತ್ರ. ದಾರಿಯಲ್ಲಿ ಮಣ್ಣು ಆ ಬಿಸಿ ಹೀರುತ್ತದೆ, ಟಾರೂ ನೀರಾವಿಯೂ ತೇವದ ಗೋಡೆಗೆ ಅಂಟಿಕೊಳ್ಳುತ್ತವೆ, ಮಸಿಯೂ ಸಾಕಷ್ಟು ಉದುರುತ್ತದೆ. ಕೊನೆಗೆ ದೂರದಲ್ಲೆಲ್ಲೋ ಹೊರಬರುವುದು ನೆಲಕ್ಕಂಟಿ ಹರಡುವ ತಣ್ಣನೆಯ ಮಸುಕು. ನಸುಕಿನಲ್ಲೇ ಅಡುಗೆ ಮುಗಿಸುತ್ತಿದ್ದರು. ವಿಮಾನದಿಂದ ನೋಡಿದರೆ ಮುಂಜಾನೆಯ ಮಂಜಿನೊಳಗೆ ಇನ್ನೊಂದಿಷ್ಟು ಮಂಜು.

ವಿಷಾನಿಲ ತಡೆಯಲು ಕೆಲವೆಡೆ ಸುರಂಗವನ್ನೇ ಕೆಳಕ್ಕೆ ಬಗ್ಗಿಸಿ ನೀರು ನಿಲ್ಲಿಸುತ್ತಿದ್ದರು. ನಮ್ಮ ಕಕ್ಕಸಿನ ಬೇಸಿನ್ ಕೆಳಗೆ ಬಾಗಿದ ಪೈಪಿನಲ್ಲಿ ನೀರು ನಿಂತು ಗಬ್ಬುವಾಸನೆ ತಡೆಯುತ್ತದಲ್ಲ, ಅದೇ ಉಪಾಯ. ಆಚೆ ಹೋಗಬೇಕಾದವನು ಉಸಿರು ಹಿಡಿದು ಮುಳುಗಿ ದಾಟಬೇಕು. ಆದರೆ 30 ಸೆಂಟಿಮೀಟರ್ ನೀರು ತಡೆಯುವುದು ವಾತಾವರಣದ ಒತ್ತಡದ ಶೇ. 3ರಷ್ಟನ್ನು ಮಾತ್ರ. ನಿಧಾನಕ್ಕೆ ಹರಡುವ ಅನಿಲಕ್ಕೆ ಅದು ಸಾಕು, ಸ್ಫೋಟಕ್ಕೆ ಏನೇನೂ ಸಾಲದು. ಸ್ಫೋಟದ ಅಲೆ ಪ್ರತಿ ತಿರುವಿನಲ್ಲೂ ಗೋಡೆಗೆ ಬಡಿದು ಕಸುವು ಕಳೆದುಕೊಳ್ಳುತ್ತದೆ. ಸುರಂಗ ಎಲ್ಲೂ ನೆಟ್ಟಗೆ ಓಡದಿರಲು ಒಂದು ಕಾರಣ ಅದು. ಗುಂಡು ನೇರ ಹೋಗುತ್ತದೆ ಅನ್ನುವುದು ಇನ್ನೊಂದು.

ಹೋಲಿಕೆಗೆ ವಿನ್ ಮೋಕ್ ನೋಡಬೇಕು. ಮಧ್ಯ ವಿಯೆಟ್ನಾಮಿನ ಕರಾವಳಿಯ ಈ ಹಳ್ಳಿಯವರು 1966ರ ಹೊತ್ತಿಗೆ ಬಸಾಲ್ಟ್ ಶಿಲೆ ಕೊಳೆತು ಆದ ಕೆಂಪು ಜೇಡಿಯಲ್ಲಿ 23 ಮೀಟರ್ ಆಳದ ತನಕ ಇಳಿದರು. ಹೋರಾಡಲಿಕ್ಕಲ್ಲ, ಬದುಕಿ ಉಳಿಯಲಿಕ್ಕೆ. ಒಳಗೆ 17 ಮಕ್ಕಳು ಹುಟ್ಟಿದವು. ಹಲವು ಬಾಯಿಗಳು ಸಮುದ್ರದ ಕಡೆಗೆ ತೆರೆಯುತ್ತವೆ, ಕಡಲಗಾಳಿ ಸರಾಗ ಒಳಗೆ ಬರುತ್ತದೆ. ಬಾಯಿಗಳನ್ನು ಹುತ್ತದಲ್ಲಿ ಬಚ್ಚಿಡಬೇಕಿದ್ದ ಕು ಚಿಯವರಿಗೆ ಆ ಅನುಕೂಲ ಇರಲಿಲ್ಲ.

ಹೋಗುವವರಿಗೆ ಒಂದು ಮಾತು. ಬೆನ್ ಡಿನ್, ಬೆನ್ ಡುವಾಕ್ ಅಂತ ಎರಡು ಜಾಗಗಳಿವೆ. ಅರ್ಧ ದಿನದ ಟೂರುಗಳು ಹೆಚ್ಚಾಗಿ ಒಯ್ಯುವುದು ನಗರಕ್ಕೆ ಹತ್ತಿರದ ಬೆನ್ ಡಿನ್‌ಗೆ. ಬೆನ್ ಡುವಾಕ್ ಇನ್ನೂ ದೂರ, ಜನ ಕಡಿಮೆ. ಎಲ್ಲಿಗೆ ಹೋದರೂ ಬೆಳಗಿನ ಮೊದಲ ವ್ಯಾನ್ ಹಿಡಿಯಿರಿ. ರಾತ್ರಿಯ ತಂಪು ಗಾಳಿ ಇಳಿದ ಸುರಂಗ, ಇನ್ನೂ ನೂರಾರು ಜನ ಉಸಿರಾಡದ ಸುರಂಗ ಸಿಗುತ್ತದೆ. ಅಸ್ತಮಾ, ಮಂಡಿನೋವು ಇದ್ದವರು ಮೊದಲ ತುಂಡಿಗೇ ಹೊರಬಂದು ಮರಗೆಣಸು ತಿನ್ನುತ್ತ ಕೂರಬಹುದು. ಹುರಿದು ಕುಟ್ಟಿದ ಕಡಲೆಕಾಯಿ ಬೀಜ, ಉಪ್ಪು, ಸಕ್ಕರೆ ಬೆರೆಸಿದ ಪುಡಿಯಲ್ಲಿ ಅದ್ದಿ ತಿನ್ನುವ ಅದು ಚೆನ್ನಾಗಿರುತ್ತದೆ.