ಮಗುವಿನ ಮುಷ್ಟಿ ಬಿಡಿಸೋಕೆ ಯಾವ ಎಣ್ಣೆ ಒಳ್ಳೆಯದು?

ಪ್ರಶ್ನೆ: ಮಗನಿಗೆ ಮೂರು ವರ್ಷ. ಸೆರೆಬ್ರಲ್ ಪಾಲ್ಸಿ ಅಂದಿದ್ದಾರೆ. ಎಡಗೈ ಯಾವಾಗಲೂ ಮುಷ್ಟಿ, ಹೆಬ್ಬೆರಳು ಒಳಗೆ. ಯಾವ ಎಣ್ಣೆ ಹಾಕಿ ನೀವಿದರೆ ಕೈಗೆ ಬಲ ಬರುತ್ತೆ?

ಉತ್ತರ: ಎಳ್ಳೆಣ್ಣೆ, ಹರಳೆಣ್ಣೆ, ಕೇರಳದಿಂದ ತರಿಸಿದ ಎಣ್ಣೆ. ಎಣ್ಣೆಯ ಹೆಸರು ಬದಲಾಗುತ್ತದೆ, ಪ್ರಶ್ನೆ ಅದೇ. ಇನ್ನೊಂದು ಸಲ ಹೇಳುತ್ತೇನೆ: ಯಾವ ಎಣ್ಣೆಗೂ ಆ ಮುಷ್ಟಿ ಬಿಡುವುದಿಲ್ಲ.

ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಕೈಗಲ್ಲ, ಬೆಳೆಯುತ್ತಿದ್ದ ಮೆದುಳಿಗೆ. ಎಡಗೈಯನ್ನು ನಡೆಸುವುದು ಮೆದುಳಿನ ಬಲಭಾಗ. ಅಲ್ಲಿಂದ ಸೂಚನೆ ಸರಿಯಾಗಿ ಬರದೆ ಸ್ನಾಯು ಬಿಗಿದುಕೊಂಡೇ ಇರುತ್ತದೆ. ಚರ್ಮಕ್ಕೆ ಎಣ್ಣೆ ತಿಕ್ಕುವುದು ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟಾಗ ಪೈಪಿಗೆ ಗ್ರೀಸ್ ಹಚ್ಚಿದ ಹಾಗೆ.

'ನಮ್ಮೂರಲ್ಲಿ ಒಬ್ಬ ಹುಡುಗನಿಗೆ ಎಣ್ಣೆಯಲ್ಲೇ ವಾಸಿಯಾಯ್ತಲ್ಲ?' ಆಗಿರಬಹುದು. ಹೆರಿಗೆಯಲ್ಲಿ ಭುಜದ ನರ ಎಳೆದು ಕೈ ಸೋತ ಎಷ್ಟೋ ಮಕ್ಕಳು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಅದು ಬೇರೆ ತೊಂದರೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳೂ ಬೆಳೆಯುತ್ತಾ ಒಂದಿಷ್ಟು ಕಲಿಯುತ್ತಾರೆ. ಹೆಸರು ಮಾತ್ರ ಎಣ್ಣೆಗೆ!

ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚಿ, ಬೇಡ ಅನ್ನುವುದಿಲ್ಲ. ಮಗುವಿಗೆ ಹಿತ, ಅಜ್ಜಿಗೂ ಸಮಾಧಾನ. ಆದರೆ ಅದನ್ನೇ ಚಿಕಿತ್ಸೆ ಅಂತ ಲೆಕ್ಕ ಹಾಕಬೇಡಿ. ನೀವುವಾಗ ಕೆಲಸ ಮಾಡುವುದು ಅಜ್ಜಿಯ ಕೈ, ಮಗುವಿನದಲ್ಲ. ಮೆದುಳು ಕಲಿಯುವುದು ಮಗು ತಾನೇ ಮಾಡಿದಾಗ. ಇನ್ನು ಬೆರಳು ಹಿಡಿದು ಜೋರಾಗಿ ಎಳೆಯುವುದಂತೂ ಬೇಡವೇ ಬೇಡ. ಬೇಗ ಎಳೆದಷ್ಟೂ ಬಿಗಿತ ಜಾಸ್ತಿ. ಮಣಿಕಟ್ಟನ್ನು ನಿಧಾನವಾಗಿ ಅಂಗೈ ಕಡೆಗೆ ಬಾಗಿಸಿ. ಹೆಬ್ಬೆರಳನ್ನು ತುದಿಯಲ್ಲಲ್ಲ, ಬುಡದಲ್ಲಿ ಹಿಡಿದು ಹೊರಗೆ ತನ್ನಿ. ಬೆರಳು ಸಡಿಲವಾಗುವುದು ನಿಮಗೇ ಕಾಣುತ್ತದೆ.

ಆಮೇಲೆ ಕೆಲಸ ಕೊಡಿ. ಅವರೆಕಾಯಿ ಸುಲಿಯಲು ಕೂರಿಸಿಕೊಳ್ಳಿ: ಎಡಗೈ ಕಾಯಿ ಹಿಡಿಯಲಿ, ಬಲಗೈ ಬಿಡಿಸಲಿ. ಕಾಯಿ ಜಾರುತ್ತದೆ, ಕಾಳು ನೆಲಕ್ಕೆ ಹಾರುತ್ತದೆ, ಹಾರಲಿ. ಸುಲಿದ ಕಾಳು ಬಾಯಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲೇ ಇರಿ. ಡಬ್ಬಿ ಮುಚ್ಚಳ, ಚಡ್ಡಿ ಏರಿಸುವುದು, ಎಲ್ಲವೂ ಎರಡು ಕೈ ಬೇಡುವ ಕೆಲಸ ಅಲ್ವಾ? ಎಡಗೈ ಬಲಗೈಯಷ್ಟೇ ಚುರುಕಾಗಬೇಕಿಲ್ಲ, ಒಳ್ಳೆಯ ಸಹಾಯಕ ಆದರೆ ಸಾಕು. ಬಲಗೈಗೆ ಕೈಗವಸು ತೊಡಿಸಿ ಎಡಗೈಯಲ್ಲೇ ಆಡಿಸುವ ವಿಧಾನವೂ ಇದೆ, ಫಲವೂ ಇದೆ. ಆದರೆ ಅದು ಥೆರಪಿಸ್ಟ್ ಹೇಳಿದಷ್ಟು ಹೊತ್ತು, ಆಟದ ರೂಪದಲ್ಲಿ. ದಿನವಿಡೀ ಸುಮ್ನೆ ಕಟ್ಟಿ ಹಾಕುವುದಲ್ಲ. ಸ್ನಾಯು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದಿನಿಂದ ಬಿಗಿತ ಸುಮಾರು ಮೂರು ತಿಂಗಳು ತಗ್ಗುತ್ತದೆ. ಆ ಸಮಯದಲ್ಲಿ ಕೈಗೆ ಅಭ್ಯಾಸ ಕೊಡದಿದ್ದರೆ ಬಂದ ಲಾಭ ಕಡಿಮೆ.

ಯಾರೂ ಕೇಳದ ಇನ್ನೊಂದು ವಿಷಯ. ಆರು ತಿಂಗಳ ಕೂಸು ಎಲ್ಲಕ್ಕೂ ಒಂದೇ ಕೈ ಚಾಚಿದರೆ 'ನೋಡಿ, ಈಗಲೇ ಎಡಚ' ಅಂತ ಮನೆಯವರು ಖುಷಿಪಡುತ್ತಾರೆ. ವರ್ಷ ತುಂಬುವ ಮೊದಲು ಯಾವ ಮಗುವೂ ಹಾಗೆ ಒಂದೇ ಕೈಗೆ ಅಂಟಿಕೊಳ್ಳಬಾರದು, ಅಂಟಿಕೊಂಡರೆ ಇನ್ನೊಂದು ಕೈಯಲ್ಲಿ ಇಂಥದೇ ತೊಂದರೆ ಇರಬಹುದು. ಗಿಲಕಿಯನ್ನು ಸುಮ್ಮನಿರುವ ಕೈಯ ಪಕ್ಕದಲ್ಲೇ ಹಿಡಿದು ನೋಡಿ. ಆಗಲೂ ಆಚೆ ಕೈಯೇ ಮೈ ದಾಟಿ ಬಂದರೆ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಮಕ್ಕಳ ಡಾಕ್ಟರಿಗೆ ತೋರಿಸಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ (ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ತಂಡ) ಹೇಳಿ, ಅವರು ಮುಂದಿನ ತಪಾಸಣೆಗೆ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ.