ಶ್ರುತಿ ಇಳಿಸಿದರೆ ಹಾಡಿಗೆ ಮುಪ್ಪು ಬಂದಂತೆಯೇ?

ಪ್ರಶ್ನೆ: ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದು ಮೂವತ್ತೈದು ವರ್ಷಗಳಾದವು. ಹಿಂದೂಸ್ತಾನಿ ಸಂಗೀತವನ್ನು ಕಿರಾನಾ ಪದ್ಧತಿಯಲ್ಲಿ ಕಲಿತಿದ್ದೇನೆ. ಈಗ ವಯಸ್ಸು 62. ಕಾಳಿ ಚಾರ್‌ನಲ್ಲಿ (ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯ ಶ್ರುತಿ) ತಾರ ಷಡ್ಜ (ಮೇಲಿನ ಸಾ) ಮುಟ್ಟಿದರೆ ದನಿ ಒಡೆಯುತ್ತದೆ, ತಾನುಗಳು (ವೇಗದ ಸ್ವರಸರಣಿಗಳು) ಜಾರುತ್ತವೆ. ಹಾಡುವ ಹುಮ್ಮಸ್ಸು ಮೊದಲಿನಂತೆ ಉಳಿಯಲು ಏನು ಮಾಡಲಿ? ತಂಬೂರಿಯನ್ನು ಮೊಮ್ಮಗಳಿಗೆ ಕೊಟ್ಟು ಬರೀ ಕೇಳುತ್ತ ಕುಳಿತುಕೊಳ್ಳುವುದೇ ಒಳ್ಳೆಯದೇ?

ಉತ್ತರ: ಪುಣೆಯ ಕೋಥರೂಡಿನ ನನ್ನ ಪಾಠದ ಕೋಣೆಯಲ್ಲಿ ಈ ಪ್ರಶ್ನೆಯನ್ನು ಅರವತ್ತರ ಆಸುಪಾಸಿನ ಎಷ್ಟೋ ಮಂದಿ ಕೇಳಿದ್ದಾರೆ. ಎಲ್ಲರಿಗೂ ಮೊದಲು ಹೇಳುವುದು ಒಂದೇ ಮಾತು: ಇಂದೇ ಶ್ರುತಿ ಇಳಿಸಿ. ಕಾಳಿ ಚಾರ್‌ನಿಂದ ಅರ್ಧ ಸ್ವರ ಇಳಿದರೆ ಪಾಂಢರಿ ಪಾಂಚ್ (ಐದನೆಯ ಬಿಳಿ ಮನೆ), ಇನ್ನರ್ಧ ಇಳಿದರೆ ಕಾಳಿ ತೀನ್. ಇದರಲ್ಲಿ ಸೋಲೇನೂ ಇಲ್ಲ. ವಯಸ್ಸಾದಂತೆ ಧ್ವನಿತಂತುಗಳ ಸ್ನಾಯು ತೆಳುವಾಗುತ್ತದೆ, ಗಂಟಲಿನ ಮೃದ್ವಸ್ಥಿಗಳು ಬಿರುಸಾಗುತ್ತವೆ, ಉಸಿರಿನ ಹಿಡಿತ ಸಡಿಲಾಗುತ್ತದೆ. ಋತುಬಂಧದ ನಂತರ ಹೆಂಗಸರ ದನಿ ತಗ್ಗುವುದು ಸಹಜ. ಹಳೆಯ ಶ್ರುತಿಯ ಹಟಕ್ಕೆ ಬಿದ್ದು ಕಿರುಚುವವರ ಕಂಠವೇ ಬೇಗ ಕೆಡುತ್ತದೆ. (ದನಿ ಎರಡು ಮೂರು ವಾರ ಬಿಡದೆ ಒಡೆದಿದ್ದರೆ ಮಾತ್ರ ಗಂಟಲಿನ ವೈದ್ಯರಿಗೆ ತೋರಿಸಲೇಬೇಕು.)

ನಿಮ್ಮ ಊರಿನವರೇ ಆದ ಗಂಗೂಬಾಯಿ ಹಾನಗಲ್ಲರನ್ನು ನೆನೆಯಿರಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ತೆಳು ದನಿ ಹೋಗಿ, ಗಂಡುದನಿಯಂತಹ ಗಡಸು ಕಂಠ ಬಂತು. ಹಳೆಯ ದನಿ ಮರಳಲೆಂದು ಅವರು ಕಾಯಲಿಲ್ಲ. ಬಂದ ದನಿಯ ಮೇಲೆಯೇ ತಮ್ಮ ಗಾಯನ ಶೈಲಿಯನ್ನು ಕಟ್ಟಿಕೊಂಡರು. 90 ದಾಟಿದ ಮೇಲೂ ವೇದಿಕೆಯಲ್ಲಿ ಹಾಡಿದರು. ನಾವು ಇಂದು ಗಂಗೂಬಾಯಿಯವರೆಂದು ಗುರುತಿಸುವುದು ಆ ಎರಡನೆಯ ದನಿಯನ್ನೇ.

ನೀವು ಕಲಿತದ್ದು ಕಿರಾನಾ ಎಂಬುದು ನಿಮ್ಮ ಪುಣ್ಯ. ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರಿಗೆ, ಅವರಿಂದ ನಮ್ಮ ಸೀಮೆಗೆ ಹರಿದು ಬಂದ ಈ ಪದ್ಧತಿಯ ಜೀವ ಇರುವುದು ವಿಲಂಬಿತ ಆಲಾಪದಲ್ಲಿ, ಒಂದೊಂದೇ ಸ್ವರವನ್ನು ಬಿಡಿಸಿ ನಿಲ್ಲಿಸುವುದರಲ್ಲಿ. ವಯಸ್ಸು ಮೊದಲು ಕಸಿದುಕೊಳ್ಳುವುದು ವೇಗದ ತಾನನ್ನು. ಮಂದ್ರದ (ಕೆಳಸ್ಥಾಯಿಯ) ಆಲಾಪವನ್ನು ಅದು ಅಷ್ಟು ಸುಲಭವಾಗಿ ಮುಟ್ಟಲಾರದು. ಬೆಳಗ್ಗೆ ಇಪ್ಪತ್ತು ನಿಮಿಷ ಖರಜ ಸಾಧನೆ (ಕೆಳಗಿನ ಸ್ವರಗಳ ಅಭ್ಯಾಸ) ಮಾಡಿ, ಸಂಜೆ ಇಪ್ಪತ್ತು ನಿಮಿಷ ಹಾಡಿ. ಒಮ್ಮೆಲೇ ಎರಡು ಗಂಟೆ ಕೂರುವ ಹಳೆಯ ಅಭ್ಯಾಸ ಈಗ ಬೇಡ.

ಆದರೆ ಹುಮ್ಮಸ್ಸಿನ ಮಾತು ಬೇರೆ. ದನಿ ದಣಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಹಾಡುಗಾರನ ಮನಸ್ಸು ದಣಿದಿರುತ್ತದೆ, ಹಾಡಿದ್ದನ್ನೇ ಹಾಡಿ. ನಾನೂ ಹಾಗೇ ಇದ್ದೆ. ಯಮನ್, ಪೂರಿಯಾ, ಭೀಮಪಲಾಸ್, ಅವೇ ಹತ್ತು ಹನ್ನೆರಡು ರಾಗಗಳು, ಅವೇ ಬಂದಿಶ್‌ಗಳು. 64ನೇ ವಯಸ್ಸಿನಲ್ಲಿ, ನನ್ನ ಮಗನಿಗಿಂತ ಚಿಕ್ಕವನಾದ ಗಾಯಕನೊಬ್ಬನ ಮುಂದೆ ಕುಳಿತು ಶಿವಮತ ಭೈರವ ಕಲಿಯತೊಡಗಿದೆ. ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ಎಷ್ಟೋ ಸಲ ಕೇಳಿದ್ದ ರಾಗ, ಹಾಡಲು ಮಾತ್ರ ಎಂದೂ ಧೈರ್ಯ ಮಾಡಿರಲಿಲ್ಲ. ಭೈರವದೊಳಗೆ ತೋಡಿಯ ನೆರಳಿನ ಕೋಮಲ ಗಾಂಧಾರ ಇಣುಕುವ ಜಾಗದಲ್ಲಿ ಮೂರು ತಿಂಗಳು ತಪ್ಪಿದೆ. ಅವನು ಪ್ರತಿ ಸಲವೂ ಕೈಯೆತ್ತಿ ನಿಲ್ಲಿಸಿ, "ಮತ್ತೊಮ್ಮೆ, ಗುರುಗಳೇ" ಎನ್ನುತ್ತಿದ್ದ. ಮನೆಗೆ ನಡೆದು ಬರುವಾಗ ಹದಿನಾರರ ಹುಡುಗನಂತೆ ರಸ್ತೆಯಲ್ಲೇ ಗುನುಗುತ್ತಿದ್ದೆ. ನೀವೂ ನಿಮಗಿಂತ ಕಿರಿಯರೊಬ್ಬರ ಬಳಿ ಬರದ ಒಂದು ರಾಗಕ್ಕೆ ಕುಳಿತುಕೊಳ್ಳಿ. ತಪ್ಪುವುದಕ್ಕೆ ನಾಚಬೇಡಿ.

ಇದೇ ಪುಣೆಯಲ್ಲಿದ್ದ ಕಿರಾನಾ ಹಾಡುಗಾರ್ತಿ ಪ್ರಭಾ ಅತ್ರೆಯವರು 91ನೇ ವಯಸ್ಸಿನಲ್ಲಿ, 2024ರ ಜನವರಿ 13ರಂದು ತೀರಿಕೊಂಡಾಗ, ಅದೇ ದಿನ ಮುಂಬಯಿಯಲ್ಲಿ ಅವರ ಕಾರ್ಯಕ್ರಮ ನಿಗದಿಯಾಗಿತ್ತು. ಆ ಸುದ್ದಿ ಓದಿದಾಗ ನನಗೆ ದುಃಖದ ಜೊತೆಗೆ ಒಂದು ಬಗೆಯ ಬಲವೂ ಬಂದಿತು.

ಕಿವಿಯ ಬಗ್ಗೆಯೂ ಒಂದು ಮಾತು. ವಯಸ್ಸಿನೊಂದಿಗೆ ಮೊದಲು ಮಸುಕಾಗುವುದು ಎತ್ತರದ ನಾದಗಳು. ತಂಬೂರಿಯ ಝೇಂಕಾರ ಮಂಕಾಯಿತೆಂದು ತಂತಿಯನ್ನು ದೂರುವ ಮೊದಲು ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನು ತಂಬೂರಿ. ದಯವಿಟ್ಟು ಕೊಡಬೇಡಿ. ಕಾಳಿ ಚಾರ್‌ಗೆ ಕಟ್ಟಿದ ತಂತಿಗಳನ್ನು ಒಂದು ಸ್ವರ ಇಳಿಸಿದರೆ ಅವು ಸಡಿಲಾಗಿ ನಾದ ಮಂಕಾಗುತ್ತದೆ, ಜವಾರಿಯೂ (ತಂತಿ ಝೇಂಕರಿಸುವಂತೆ ಕುದುರೆಯನ್ನು ತೀಡಿದ ಹದ) ಹೊಂದುವುದಿಲ್ಲ. ಅದಕ್ಕೆ ಸ್ವಲ್ಪ ದಪ್ಪ ತಂತಿ ಹಾಕಿಸಿ ಜವಾರಿಯನ್ನು ಹೊಸದಾಗಿ ತೆಗೆಸಬೇಕು. ಪುಣೆಯಲ್ಲಿ ಆಗದಿದ್ದರೆ ಮಿರಜ್‌ಗೆ ಒಯ್ಯಿರಿ. ತಂಬೂರಿ ಮಾಡುವ ಮನೆತನಗಳು ಅಲ್ಲಿ ತಲೆಮಾರುಗಳಿಂದ ಇವೆ, ನಿಮ್ಮ ಹಳೆಯ ಧಾರವಾಡದ ರೈಲು ದಾರಿಯಲ್ಲೇ ಇದೆ ಆ ಊರು. ಮೊಮ್ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವಳ ಎಳೆಯ ಕಂಠಕ್ಕೆ ಎತ್ತರದ ಶ್ರುತಿ ಬೇಕು, ಅವಳಿಗೆ ಅಲ್ಲೇ ಬೇರೊಂದನ್ನು ನೋಡಿ.